850 ರೂಪಾಯಿಯ ವ್ಯತ್ಯಾಸ: ನನ್ನ ವೇತನ ನಿಗದಿ ಸರಿ ಮಾಡಿಸಿಕೊಂಡ ಅನುಭವ

ನಾನು ಕರ್ನಾಟಕ ಸರ್ಕಾರದ ನೌಕರಳು. 2021ರ ಆಗಸ್ಟಿನಲ್ಲಿ ನನಗೆ ಬಡ್ತಿ ಸಿಕ್ಕಿತು. ಸಂಬಳವೂ ಸ್ವಲ್ಪ ಏರಿತು. ಆ ಖುಷಿಯಲ್ಲಿ ಲೆಕ್ಕ ನೋಡಲಿಲ್ಲ. ಒಂದೂವರೆ ವರ್ಷದ ಮೇಲೆ ಒಂದು ತರಬೇತಿಯಲ್ಲಿ ಪಕ್ಕದ ತಾಲೂಕಿನ ಗೆಳತಿ ಸಿಕ್ಕಳು. ಇಬ್ಬರದೂ ಒಂದೇ ವೃಂದ. ಒಂದೇ ಆದೇಶದಲ್ಲಿ ಬಡ್ತಿ. ಬಡ್ತಿಯ ಹಿಂದಿನ ದಿನ ಇಬ್ಬರ ಮೂಲ ವೇತನವೂ 34,300. ಆದರೆ ಅವಳಿಗೆ 36,000ಕ್ಕೆ ನಿಗದಿಯಾಗಿತ್ತು, ನನಗೆ 35,150ಕ್ಕೆ.

ನಮ್ಮ ವಿಷಯ ನಿರ್ವಾಹಕರನ್ನು (ಕಚೇರಿಯಲ್ಲಿ ಈ ಕಡತ ನೋಡುವವರು) ಕೇಳಿದೆ. "ಮೇಡಂ, ಎಚ್‌ಆರ್‌ಎಂಎಸ್‌ನಲ್ಲಿ ಹಾಗೇ ಇದೆಯಲ್ಲ" ಅಂದರು. ಎಚ್‌ಆರ್‌ಎಂಎಸ್ ಅಂದರೆ ಸಂಬಳ ಮಾಡುವ ಸರ್ಕಾರಿ ಕಂಪ್ಯೂಟರ್ ವ್ಯವಸ್ಥೆ. ಅದರಲ್ಲಿ ಇರೋದು ನಾವು ತುಂಬಿದ ಅಂಕಿ ಅಲ್ವಾ? ಮೂರು ತಿಂಗಳು ಹೀಗೆ ಬಾಯಿಮಾತಲ್ಲೇ ಹೋಯಿತು. ಆ ಮೂರು ತಿಂಗಳನ್ನು ನಾನು ಸುಮ್ನೆ ಕಳೆದೆ.

ಆಮೇಲೆ ನನ್ನ ನೌಕರಿಯ ದಾಖಲೆಯಾದ ಸೇವಾ ಪುಸ್ತಕ ತೆಗೆಸಿ ನೋಡಿದೆ. ವೇತನ ನಿಗದಿ ತಃಖ್ತೆಯ (ಲೆಕ್ಕದ ಹಾಳೆಯ) ಪ್ರತಿ ಅದರಲ್ಲಿ ಇರಲಿಲ್ಲ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಹಾಕಿದೆ. 30 ದಿನದೊಳಗೆ ಪ್ರತಿ ಬಂತು. ತಪ್ಪು ಒಂದೇ ಸಾಲಿನಲ್ಲಿತ್ತು.

ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು) ನಿಯಮ 42-ಬಿ ಹೇಳುವುದು ಹೀಗೆ. ಬಡ್ತಿ ಸಿಕ್ಕಾಗ ಮೊದಲು ಕೆಳಗಿನ ಹುದ್ದೆಯ ವೇತನಕ್ಕೆ ಒಂದು ಕಾಲ್ಪನಿಕ ಇನ್‌ಕ್ರಿಮೆಂಟ್ ಸೇರಿಸಬೇಕು. ಹಾಗೆ ಬಂದ ಮೊತ್ತಕ್ಕಿಂತ ಮುಂದಿನ ಹಂತದಲ್ಲಿ ಮೇಲಿನ ಹುದ್ದೆಯ ವೇತನ ನಿಗದಿ ಮಾಡಬೇಕು. ನನ್ನದು 34,300. ಒಂದು ಇನ್‌ಕ್ರಿಮೆಂಟ್ 850 ಸೇರಿಸಿದರೆ 35,150. ಅದರ ಮುಂದಿನ ಹಂತ 36,000. ನಮ್ಮ ಕಚೇರಿಯಲ್ಲಿ ಎರಡನೇ ಹೆಜ್ಜೆ ಬಿಟ್ಟುಹೋಗಿತ್ತು, ಅಷ್ಟೇ. (ಕೆಳಗಿನ ಹುದ್ದೆಯಲ್ಲಿ ಆಗಲೇ ಕಾಲಮಿತಿ ಬಡ್ತಿ, ಅಂದರೆ ಇಷ್ಟು ವರ್ಷ ಸೇವೆಯಾದ ಮೇಲೆ ಸಿಗುವ ಮೇಲಿನ ವೇತನ ಶ್ರೇಣಿ, ಪಡೆದವರ ಲೆಕ್ಕ ಬೇರೆ. ನನ್ನ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ.)

ಇಲ್ಲಿ ಒಂದು ಮಾತು ಹೇಳಲೇಬೇಕು, ಯಾಕಂದ್ರೆ ತುಂಬಾ ಜನ ಇದರಲ್ಲೇ ಎಡವುತ್ತಾರೆ. "ನನ್ನ ಹುದ್ದೆಗೆ ಕೊಟ್ಟಿರುವ ವೇತನ ಶ್ರೇಣಿಯೇ ಕಡಿಮೆ" ಅನ್ನೋದು ಒಂದು ದೂರು. "ನಿಯಮ ಸರಿಯಿದೆ, ನನಗೆ ತಪ್ಪಾಗಿ ಅನ್ವಯಿಸಿದ್ದಾರೆ" ಅನ್ನೋದು ಇನ್ನೊಂದು. ಮೊದಲನೆಯದು ವೇತನ ಆಯೋಗ ಮತ್ತು ಸರ್ಕಾರದ ಮುಂದೆ ಇಡುವಂಥದ್ದು. ಯಾವ ಹುದ್ದೆ ಯಾವುದಕ್ಕೆ ಸಮ ಅನ್ನೋದನ್ನು ತಜ್ಞರ ಸಮಿತಿಗೆ ಬಿಡಬೇಕು ಎಂದು ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ ಹೇಳಿದೆ. ಅದಕ್ಕೆ ಸಂಘದ ಬಲ ಬೇಕು. ಎರಡನೆಯದನ್ನು ಒಬ್ಬರೇ ಕಾಗದ ಪತ್ರ ಹಿಡಿದು ಗೆಲ್ಲಬಹುದು. ಎರಡನ್ನೂ ಒಂದೇ ಮನವಿಯಲ್ಲಿ ಸೇರಿಸಿದರೆ ಎರಡೂ ಕೆಡುತ್ತವೆ.

ನನ್ನ ಮನವಿ ಒಂದೇ ಪುಟ. ಅನ್ಯಾಯ, ಮನನೊಂದು ಎಂಬ ಮಾತು ಒಂದೂ ಇರಲಿಲ್ಲ. ನಿಯಮದ ಸಂಖ್ಯೆ, ಮೂರು ಅಂಕಿ, ಆಗಬೇಕಾದ ತಿದ್ದುಪಡಿ, ತಃಖ್ತೆಯ ಪ್ರತಿ. ಗೆಳತಿಯ ಹೆಸರು ಹಾಕಲಿಲ್ಲ, ಅವಳಿಗೆ ತೊಂದರೆಯಾಗೋದು ಬೇಡ ಅಂತ. ಟಪಾಲಿನಲ್ಲಿ ಕೊಟ್ಟು, ನನ್ನ ಪ್ರತಿಯ ಮೇಲೆ ಮೊಹರು, ತಾರೀಕು ಹಾಕಿಸಿಕೊಂಡೆ.

ಎರಡು ತಿಂಗಳಿಗೆ ಒಂದು ಸಾಲಿನ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಬಂತು: ವೇತನವನ್ನು ನಿಯಮಾನುಸಾರವೇ ನಿಗದಿಪಡಿಸಲಾಗಿದೆ. ಆ ದಿನ ಕಣ್ಣೀರು ಬಂದಿತ್ತು. ಆದರೆ ಆ ಒಂದು ಸಾಲೇ ನನಗೆ ದಾರಿ ಮಾಡಿಕೊಟ್ಟಿತು. ಲಿಖಿತ ತಿರಸ್ಕಾರ ಕೈಯಲ್ಲಿದ್ದರೆ ಮೇಲಿನವರ ಹತ್ತಿರ ಹೋಗಬಹುದು. ಸೂಕ್ತ ಮಾರ್ಗದಲ್ಲೇ, ಅಂದರೆ ನಮ್ಮ ಕಚೇರಿಯ ಮೂಲಕವೇ, ಇಲಾಖಾ ಮುಖ್ಯಸ್ಥರಿಗೆ ಮೇಲ್ಮನವಿ ಬರೆದೆ, ಒಂದು ಮುಂಗಡ ಪ್ರತಿಯನ್ನು ನೇರವಾಗಿಯೂ ಕಳಿಸಿದೆ.

ಜೊತೆಗೆ ಡೈರಿಯಲ್ಲಿ ತಾರೀಕು ಬರೆದಿಟ್ಟುಕೊಂಡೆ. 1985ರ ಆಡಳಿತ ನ್ಯಾಯಮಂಡಳಿ ಕಾಯ್ದೆ ಪ್ರಕಾರ, ಮನವಿ ಕೊಟ್ಟು ಆರು ತಿಂಗಳಾದರೂ ಉತ್ತರ ಬಾರದಿದ್ದರೆ ಕೆಎಟಿಗೆ (ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ) ಹೋಗಬಹುದು. ಆ ಆರು ತಿಂಗಳು ಮುಗಿದ ಮೇಲೆ ಒಂದು ವರ್ಷದೊಳಗೆ ಹೋಗಬೇಕು. ಅಂತಿಮ ಆದೇಶ ಬಂದಿದ್ದರೆ ಅದರಿಂದ ಒಂದು ವರ್ಷ. ಬೆಂಗಳೂರಲ್ಲದೆ ಬೆಳಗಾವಿ, ಕಲಬುರಗಿಯಲ್ಲೂ ಪೀಠಗಳಿವೆ. ನೆನಪೋಲೆ ಮೇಲೆ ನೆನಪೋಲೆ ಬರೆಯುತ್ತಿದ್ದರೆ ಕಾಲಾವಧಿ ಮುಂದಕ್ಕೆ ಹೋಗುತ್ತೆ ಅಂತ ಎಷ್ಟೋ ಜನ ನಂಬಿದ್ದಾರೆ. ಹೋಗಲ್ಲ. ವೇತನ ನಿಗದಿಯ ತಪ್ಪು ಪ್ರತಿ ತಿಂಗಳೂ ಹೊಸದಾಗಿ ಆಗುವ ತಪ್ಪು, ಆದ್ದರಿಂದ ತಡವಾದರೂ ಸರಿ ಮಾಡಿಸಬಹುದು ಎಂಬುದು ನಿಜ. ಆದರೆ ತುಂಬಾ ತಡವಾಗಿ ಹೋದರೆ ಬಾಕಿ ಹಣ ಸಾಮಾನ್ಯವಾಗಿ ಹಿಂದಿನ ಮೂರು ವರ್ಷದ್ದು ಮಾತ್ರ ಸಿಗುತ್ತದೆ. ಇದು ಸುಪ್ರೀಂ ಕೋರ್ಟಿನ 2008ರ ತರ್ಸೇಮ್ ಸಿಂಗ್ ತೀರ್ಪು.

ಇನ್ನೊಂದು ಭಯ ನನಗೂ ಇತ್ತು. ಪುಸ್ತಕ ತೆಗೆಸಿದಾಗ ಹಿಂದೆ ಎಲ್ಲೋ ಜಾಸ್ತಿ ಕೊಟ್ಟಿದ್ದು ಸಿಕ್ಕಿ ವಸೂಲಿ ಮಾಡಿದರೆ? ನಮ್ಮಿಂದ ಯಾವ ಮೋಸವೂ ಇಲ್ಲದೆ ಕಚೇರಿಯೇ ತಪ್ಪಾಗಿ ಜಾಸ್ತಿ ಕೊಟ್ಟಿದ್ದರೆ ಸಿ ಮತ್ತು ಡಿ ಗುಂಪಿನ ನೌಕರರಿಂದ ವಸೂಲಿ ಮಾಡಬಾರದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ರಫೀಕ್ ಮಸೀಹ್ ಪ್ರಕರಣದಲ್ಲಿ ಹೇಳಿದೆ. ಇದು ಗೊತ್ತಾದ ಮೇಲೆ ಧೈರ್ಯ ಬಂತು.

ಕೆಎಟಿ ಮೆಟ್ಟಿಲು ಹತ್ತಬೇಕಾಗಲಿಲ್ಲ. ಮುಖ್ಯ ಕಚೇರಿಯ ಲೆಕ್ಕಾಧಿಕಾರಿಗಳು ಫೋನ್ ಮಾಡಿ, "ನಿಮ್ಮ ಲೆಕ್ಕ ಸರಿ ಇದೆಯಮ್ಮ" ಅಂದರು. ಅಷ್ಟು ದಿನ ಅದೊಂದು ಮಾತಿಗೇ ಕಾದಿದ್ದೆ ಅನಿಸಿತು. ಪರಿಷ್ಕೃತ ವೇತನ ನಿಗದಿ ಆದೇಶ 2023ರ ನವೆಂಬರಿನಲ್ಲಿ ಬಂತು. ಅದನ್ನು ಸೇವಾ ಪುಸ್ತಕದಲ್ಲಿ ನಮೂದಿಸಿ ಸಹಿ ಆಗುವವರೆಗೂ ನಾನು ಆ ಮೇಜು ಬಿಟ್ಟು ಕದಲಲಿಲ್ಲ. ಬಾಕಿ ಹಣ ಒಟ್ಟಿಗೆ ಬಂದಾಗ ತೆರಿಗೆ ಜಾಸ್ತಿ ಬೀಳದಂತೆ ನಮೂನೆ 10ಇ ತುಂಬಿ ಕಲಂ 89ರ ಪರಿಹಾರ ಕೇಳಿದೆ.

850 ರೂಪಾಯಿಗೆ ಇಷ್ಟೆಲ್ಲ ಯಾಕೆ ಅಂತ ಮನೆಯಲ್ಲೇ ಕೇಳಿದ್ದರು. ಏಳನೇ ವೇತನ ಆಯೋಗದ ಪರಿಷ್ಕರಣೆ ಬಂದಿದ್ದು 2024ರ ಆಗಸ್ಟಿನಿಂದ. ಆದರೆ ಲೆಕ್ಕ ಹಿಡಿದಿದ್ದು 2022ರ ಜುಲೈ 1ರ ಮೂಲ ವೇತನದ ಮೇಲೆ: ಅದಕ್ಕೆ ಶೇ. 31 ತುಟ್ಟಿಭತ್ಯೆ, ಶೇ. 27.5 ಫಿಟ್‌ಮೆಂಟ್ (ಪರಿಷ್ಕರಣೆಯ ಹೆಚ್ಚಳ). ಆ ಲೆಕ್ಕದಲ್ಲಿ 850ರ ಅಂತರ 1,350ರ ಹತ್ತಿರ ಹೋಗುತ್ತದೆ. ನಾನು 2006ಕ್ಕೆ ಮೊದಲು ಸೇರಿದವಳು, ಹಳೇ ಪಿಂಚಣಿ. ಪಿಂಚಣಿಯೂ ಗ್ರಾಚ್ಯುಯಿಟಿಯೂ ಕೊನೆಯ ಮೂಲ ವೇತನದ ಮೇಲೇ ನಿಂತಿವೆ. ನಿಮ್ಮ ಬಡ್ತಿ 2022ಕ್ಕಿಂತ ಮೊದಲಿನದಾಗಿದ್ದರೆ ಆ ವರ್ಷದ ಜುಲೈ 1ರ ಅಂಕಿ ಸರಿಯಿದೆಯಾ ಅಂತ ಇವತ್ತೇ ಸೇವಾ ಪುಸ್ತಕ ತೆಗೆಸಿ ನೋಡಿ.