ತಣ್ಣನೆ ಗಾಳಿ ಸೋರುತ್ತಿದ್ದದ್ದು ಎಲ್ಲಿ?

ಡೇಟಾ ಸೆಂಟರ್‌ನ ಕೂಲಿಂಗ್ ಜವಾಬ್ದಾರಿ ನನ್ನ ಕೈಗೆ ಬಂದಾಗ, ಸರ್ವರ್ ಹಾಲ್‌ನೊಳಗೆ ಕಾಲಿಟ್ಟರೆ ಮೈ ನಡುಗುವಷ್ಟು ಚಳಿ. ಆದರೂ ಸರ್ವರ್ ಜೋಡಿಸಿಟ್ಟ ಒಂದು ಸಾಲಿನ ರ‍್ಯಾಕ್‌ಗಳಿಂದ ಬಿಸಿಯ ಅಲಾರ್ಮ್ ಬರುವುದು ನಿಂತಿರಲಿಲ್ಲ. ಇನ್ನೊಂದು ಎಸಿ ಯೂನಿಟ್ ಹಾಕಿಸಿ ಅಂತ ಎಲ್ಲರೂ ಹೇಳಿದರು.

ನಾನು ಮೊದಲು ಥರ್ಮಾಮೀಟರ್ ಹಿಡಿದು ರ‍್ಯಾಕ್‌ನ ಮುಂಭಾಗ ಅಳೆದೆ. ಕೆಳಗೆ 18 ಡಿಗ್ರಿ, ಅದೇ ರ‍್ಯಾಕ್‌ನ ತುದಿಯಲ್ಲಿ 29. ಖಾಲಿ ಸ್ಲಾಟ್‌ಗೆ ಕೈಯೊಡ್ಡಿದೆ. ಹಿಂದಿನ ಬಿಸಿ ಗಾಳಿ ಬೆರಳಿಗೆ ಬಡಿಯಿತು. ತಾವೇ ಹೊರಬಿಟ್ಟ ಬಿಸಿಯನ್ನು ಸರ್ವರ್‌ಗಳು ಮತ್ತೆ ಎಳೆದುಕೊಳ್ಳುತ್ತಿದ್ದವು. ಇತ್ತ ಎಸಿ ನೆಲದಡಿಯಿಂದ ಕಳಿಸುವ ತಣ್ಣನೆ ಗಾಳಿ ಕೇಬಲ್ ತೂತುಗಳಲ್ಲಿ ಸೋರಿ, ಯಾವ ಸರ್ವರನ್ನೂ ಮುಟ್ಟದೆ ಎಸಿಗೇ ವಾಪಸಾಗುತ್ತಿತ್ತು.

ಖಾಲಿ ಸ್ಲಾಟ್‌ಗಳಿಗೆ ಬ್ಲಾಂಕಿಂಗ್ ಪ್ಯಾನೆಲ್, ಅಂದರೆ ಖಾಲಿ ಜಾಗ ಮುಚ್ಚುವ ತಟ್ಟೆ, ಹಾಕಿದೆವು, ತೂತುಗಳಿಗೆ ಬ್ರಷ್ ಇರುವ ಮುಚ್ಚಳ. ಹಾಟ್ ಐಲ್‌ನಲ್ಲಿದ್ದ (ಸರ್ವರ್‌ಗಳು ಬಿಸಿ ಗಾಳಿ ಬಿಡುವ ಹಿಂಬದಿಯ ಓಣಿ) ತೂತಿನ ಟೈಲ್‌ಗಳನ್ನು ಎತ್ತಿ ಕೋಲ್ಡ್ ಐಲ್‌ಗೆ (ತಣ್ಣನೆ ಗಾಳಿ ಎಳೆದುಕೊಳ್ಳುವ ಮುಂಬದಿಯ ಓಣಿ) ತಂದೆವು. ಅಲಾರ್ಮ್ ನಿಂತಿತು. ಆಮೇಲೆ ಎಸಿ ಫ್ಯಾನ್‌ಗಳ ವೇಗ ತಗ್ಗಿಸಿದೆವು. ಫ್ಯಾನ್ ತಿನ್ನುವ ವಿದ್ಯುತ್ತು ವೇಗದ ಘನದ ಲೆಕ್ಕದಲ್ಲಿ ಇಳಿಯುತ್ತದೆ: ವೇಗ ಶೇ. 80ಕ್ಕೆ ಬಂದರೆ ವಿದ್ಯುತ್ತು ಸುಮಾರು ಅರ್ಧ. ಈ ಲೆಕ್ಕ ತಿಳಿದವರು ಯೂನಿಟ್‌ಗಳನ್ನು ಪೂರ್ತಿ ವೇಗದಲ್ಲಿ ಓಡಿಸಲು ಒಪ್ಪುವುದಿಲ್ಲ.

ಉಷ್ಣಾಂಶ ಏರಿಸಿದ್ದು ಕೊನೆಗೆ. ಕೂಲಿಂಗ್ ಎಂಜಿನಿಯರ್‌ಗಳ ಸಂಸ್ಥೆ ಆಶ್ರೇಯ ಶಿಫಾರಸು 18ರಿಂದ 27 ಡಿಗ್ರಿ, ಅದೂ ಸರ್ವರ್ ಒಳಗೆ ಹೋಗುವ ಗಾಳಿಗೆ. ನಮ್ಮ ಸೆಟ್‌ಪಾಯಿಂಟ್ (ಎಸಿಗೆ ನಿಗದಿ ಮಾಡಿದ ಉಷ್ಣಾಂಶ) ಇದ್ದದ್ದು ಎಸಿಗೆ ಮರಳುವ ಗಾಳಿಯ ಮೇಲೆ! ಅದನ್ನು ಸರಿಪಡಿಸಿ ವಾರಕ್ಕೊಂದು ಡಿಗ್ರಿಯಂತೆ ಏರಿಸುತ್ತ ಹೋದೆವು. 26ರ ಹತ್ತಿರ ಸರ್ವರ್‌ಗಳ ಸದ್ದು ಬದಲಾಯಿತು, ಒಳಗಿನ ಫ್ಯಾನ್‌ಗಳು ವೇಗ ಹಿಡಿದಿದ್ದವು. ವಿದ್ಯುತ್ ದಕ್ಷತೆಯ ಅಳತೆಯಾದ ಪಿಯುಇ (ಕಡಿಮೆಯಾದಷ್ಟೂ ಒಳ್ಳೆಯದು) ಮಾತ್ರ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಯಾಕೆಂದರೆ ಪಿಯುಇ ಅಂದರೆ ಒಟ್ಟು ವಿದ್ಯುತ್ತನ್ನು ಐಟಿ ಸಲಕರಣೆಗಳ ವಿದ್ಯುತ್ತಿನಿಂದ ಭಾಗಿಸಿದ ಅಂಕಿ. ಸರ್ವರ್‌ನೊಳಗಿನ ಫ್ಯಾನ್ ಐಟಿ ಲೆಕ್ಕಕ್ಕೇ ಸೇರುತ್ತದೆ. ಛೇದ ದೊಡ್ಡದಾದರೆ ಅಂಕಿ ಇಳಿಯಲೇಬೇಕು. ಮುಖ್ಯ ಮೀಟರ್ ನೋಡಿದರೆ ಒಟ್ಟು ಬಳಕೆ ಏರಿತ್ತು. 24ಕ್ಕೆ ಇಳಿದು ಅಲ್ಲೇ ನಿಂತೆವು. ಪಿಯುಇ ಒಂದನ್ನೇ ನಂಬಿದ್ದರೆ ನಾವು ಖುಷಿಯಿಂದಲೇ ವಿದ್ಯುತ್ತು ಸುರಿಯುತ್ತಿದ್ದೆವು.

ಈ ನಡುವೆ ಯಾರೂ ಬಳಸದ ಸರ್ವರ್‌ಗಳೂ ಸಿಕ್ಕವು. ಮಾಲೀಕರು ಯಾರೆಂದು ಹುಡುಕಿ, ಅವನ್ನು ಆಫ್ ಮಾಡಲು ಒಪ್ಪಿಸುವುದಕ್ಕೆ ಉಳಿದೆಲ್ಲ ಕೆಲಸಕ್ಕಿಂತ ಹೆಚ್ಚು ದಿನ ಹಿಡಿಯಿತು. ಆದರೆ ಆಫ್ ಮಾಡಿದ ಸರ್ವರ್‌ಗೆ ವಿದ್ಯುತ್ತೂ ಬೇಡ, ಅದನ್ನು ತಣಿಸುವ ಖರ್ಚೂ ಇಲ್ಲ.

ಹಾಗೆ ಸರ್ವರ್ ತೆಗೆದಾಗಲೆಲ್ಲ ಅಲ್ಲೊಂದು ಸ್ಲಾಟ್ ಬಾಯ್ತೆರೆಯುತ್ತದೆ. ಅದಕ್ಕೇ ಈಗ ಹಾಲ್‌ನ ಬಾಗಿಲ ಪಕ್ಕದಲ್ಲೇ ಬ್ಲಾಂಕಿಂಗ್ ಪ್ಯಾನೆಲ್‌ಗಳ ಒಂದು ಪೆಟ್ಟಿಗೆ ಇಟ್ಟಿದ್ದೇನೆ.