ಹಳೇ ಸಿಜೆ-3ಬಿ ಜೀಪಿನ ಹೆಡ್‌ಲೈಟ್ ಸ್ವಿಚ್ ಬಿಚ್ಚಿ ಸರಿ ಮಾಡಿದ್ದು

ಮೂಡಿಗೆರೆ, ಆಲ್ದೂರು ಕಡೆಯ ಕಾಫಿ ತೋಟಗಳಲ್ಲಿ ಇನ್ನೂ ಓಡುತ್ತಿರುವ ಸಿಜೆ-3ಬಿ ಜೀಪುಗಳ ಹೆಡ್‌ಲೈಟ್ ಕಾಯಿಲೆ ಹೆಚ್ಚುಕಮ್ಮಿ ಒಂದೇ. ಹಾಕಿದ ಕೂಡಲೇ ಹತ್ತುತ್ತದೆ, ಹತ್ತು ನಿಮಿಷಕ್ಕೆ ತಾನಾಗೇ ಆರುತ್ತದೆ, ಎರಡು ನಿಮಿಷ ಬಿಟ್ಟರೆ ಮತ್ತೆ ಉರಿಯುತ್ತದೆ. ಫ್ಯೂಸ್ ಹುಡುಕಿ ಪ್ರಯೋಜನವಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎಳೆದು ಹಾಕುವ ಸ್ವಿಚ್ ಇದೆಯಲ್ಲ, ಅದರ ಬೆನ್ನಿಗೇ ಬೈಮೆಟಲ್ ಪಟ್ಟಿಯ ಸರ್ಕ್ಯೂಟ್ ಬ್ರೇಕರ್ ಕೂತಿರುತ್ತದೆ. ಬಿಸಿ ಏರಿದರೆ ಪಟ್ಟಿ ಬಾಗಿ ಕರೆಂಟ್ ಕಡಿಯುತ್ತದೆ, ತಣ್ಣಗಾದರೆ ಮತ್ತೆ ಕೂಡುತ್ತದೆ. ಲೈಟು ಹೀಗೆ ಆರಿ ಹತ್ತುತ್ತಿದ್ದರೆ ಬ್ರೇಕರ್ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಬಿಸಿ ಎಲ್ಲಿಂದ ಬರುತ್ತಿದೆ ಎಂಬುದನ್ನು ಹಿಡಿಯಬೇಕು.

ಈ ಜೀಪನ್ನು ಮೊದಲು ರೂಪಿಸಿದ ಅಮೆರಿಕದ ವಿಲ್ಲಿಸ್ ಕಂಪನಿಯ ಮೂಲ ವೈರಿಂಗ್ 6 ವೋಲ್ಟಿನದು. 45 ವಾಟಿನ ಎರಡು ಬಲ್ಬಿಗೆ ಅಲ್ಲಿ 15 ಆಂಪಿಯರ್ ಬೇಕಿತ್ತು. ನಾನು ಕೈ ಹಾಕಿದ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವಾಗ 12 ವೋಲ್ಟ್ ಮಾಡಿದ್ದರು. ಅದೇ 45 ವಾಟ್ ಬಲ್ಬ್ ಇದ್ದಿದ್ದರೆ ಏಳೂವರೆ ಆಂಪಿಯರ್ ಸಾಕಿತ್ತು, ಸ್ವಿಚ್ಚಿಗೆ ಆರಾಮ. ಆದರೆ ಕೊಟ್ಟಿಗೆಹಾರದ ಮಂಜಿಗೆ ಇರಲಿ ಎಂದು ಯಾರೋ 100/90 ವಾಟಿನ (ಹೈಬೀಮಿಗೆ 100, ಡಿಪ್ಪಿಗೆ 90) ಹ್ಯಾಲೊಜನ್ ಹಾಕಿದ್ದರು. ಅಲ್ಲಿಗೆ ಲೆಕ್ಕ ಹದಿನಾರು ಆಂಪಿಯರ್ ದಾಟಿತು, ಟೇಲ್ ಲೈಟ್ ಬೇರೆ. ಮಂಜಿನಲ್ಲಿ ಹೈಬೀಮ್ ಜೋರಾದಷ್ಟೂ ಕಣ್ಣಿಗೇ ವಾಪಸ್ ಹೊಡೆಯುತ್ತದೆ, ಆ ಮಾತು ಬೇರೆ.

ಸ್ವಿಚ್ ಬಿಚ್ಚುವ ಮುಂಚೆ ಮಲ್ಟಿಮೀಟರ್ ಹಿಡಿದೆ. ಲೈಟ್ ಆಫ್ ಮಾಡಿ ಓಮ್ಸ್ ನೋಡುವುದು ದಂಡ; ಒಂದೇ ಎಳೆ ತಾಮ್ರ ಉಳಿದ ವೈರೂ ಮೀಟರಿಗೆ ಸರಿಯಾಗೇ ಕಾಣುತ್ತದೆ. ಹೈಬೀಮ್ ಉರಿಯುತ್ತಿರುವಾಗಲೇ ವೋಲ್ಟ್ ಎಲ್ಲೆಲ್ಲಿ ಬೀಳುತ್ತಿದೆ ಎಂದು ಅಳೆಯಬೇಕು. ಬ್ಯಾಟರಿ ಪಾಸಿಟಿವ್‌ನಿಂದ ಸ್ವಿಚ್ಚಿಗೆ ಬರುವ ತುದಿಯವರೆಗೆ 0.3 ವೋಲ್ಟ್ (ಇದರಲ್ಲಿ ಅಮ್ಮೀಟರ್ ನಟ್ಟುಗಳೂ ಸೇರಿದವು). ಸ್ವಿಚ್ಚಿನ ಒಳಕ್ಕೂ ಹೊರಕ್ಕೂ ನಡುವೆ 1.1. ಹೈಬೀಮ್-ಡಿಪ್ ಬದಲಿಸಲು ಕಾಲಲ್ಲಿ ತುಳಿಯುವ ಡಿಪ್ಪರ್ ಸ್ವಿಚ್ಚಿನಲ್ಲಿ 0.5, ಅಲ್ಲಿಂದ ಬಲ್ಬಿಗೆ 0.2. ಬಲ್ಬಿನ ಅರ್ತ್ ಕಡೆಯಿಂದ ಬ್ಯಾಟರಿ ನೆಗೆಟಿವ್‌ಗೆ 0.6. ಒಟ್ಟು 2.7 ವೋಲ್ಟ್ ದಾರಿಯಲ್ಲೇ ಖರ್ಚು. ಬ್ಯಾಟರಿಯಲ್ಲಿ 12.2 ಇದ್ದರೆ ಬಲ್ಬಿಗೆ ಸಿಗುವುದು 9.5, ಬೆಳಕು ಅರ್ಧಕ್ಕೂ ಕಡಿಮೆ. ವೋಲ್ಟ್ ಬಿದ್ದಾಗ ಕರೆಂಟೂ ಹದಿನಾರರಿಂದ 14 ಆಂಪಿಯರ್ ಆಸುಪಾಸಿಗೆ ಇಳಿಯುತ್ತದೆ; ಸ್ವಿಚ್ಚಿನ 1.1 ವೋಲ್ಟಿಗೆ ಆ 14 ಗುಣಿಸಿದರೆ ಸುಮಾರು 15 ವಾಟ್. 25 ವಾಟಿನ ಸೋಲ್ಡರಿಂಗ್ ಐರನ್ನಿನ ಅರ್ಧಕ್ಕಿಂತ ಹೆಚ್ಚಿನ ಶಾಖ ಆ ಪುಟ್ಟ ಡಬ್ಬಿಯೊಳಗೆ ಕೂತರೆ ಬ್ರೇಕರ್ ಕಡಿಯದೆ ಇನ್ನೇನು ಮಾಡೀತು?

ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿದೆ. ಸ್ವಿಚ್ಚಿಗೆ ಬರುವ ವೈರಿಗೆ ಫ್ಯೂಸ್ ಇಲ್ಲ, ಸ್ಪ್ಯಾನರ್ ಬಾಡಿಗೆ ತಾಗಿದರೆ ವೈರಿಂಗೇ ಹೊಗೆಯಾಡುತ್ತದೆ. ಪ್ರತಿ ವೈರಿಗೂ ಟೇಪ್ ಸುತ್ತಿ ನಂಬರ್ ಬರೆದು, ಫೋನಿನಲ್ಲಿ ಫೋಟೋ ತೆಗೆದು, ಆಮೇಲೆ ಬಿಚ್ಚಿದ್ದು. ವೈರಿನ ಬಣ್ಣ ನಂಬಬೇಡಿ, ಐವತ್ತು ವರ್ಷದಲ್ಲಿ ಎಲ್ಲವೂ ಮಣ್ಣಿನ ಬಣ್ಣ.

ಸ್ವಿಚ್ಚಿನ ಬೇಕಲೈಟ್ (ಕರೆಂಟ್ ಹರಿಯದ ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್) ತಟ್ಟೆಯನ್ನು ತಗಡಿನ ಕಿವಿಗಳು ಹಿಡಿದಿರುತ್ತವೆ. ಅವನ್ನು ಒಮ್ಮೆ ಎತ್ತಿ ಒಮ್ಮೆ ಮಡಚಬಹುದು; ಮೂರನೇ ಸಲಕ್ಕೆ ಮುರಿಯುತ್ತವೆ. ಪ್ಲಾಸ್ಟಿಕ್ ಕವರಿನೊಳಗೆ ಕೈಯಿಟ್ಟೇ ಬಿಚ್ಚಿ, ಇಲ್ಲದಿದ್ದರೆ ಸ್ಪ್ರಿಂಗ್ ಚಿಮ್ಮಿ ಕಳೆದುಹೋಗುತ್ತದೆ. ಒಳಗೆ ಜಾರುವ ತಾಮ್ರದ ಪಟ್ಟಿಯ ಮೇಲೆ ಹಸಿರು ಕಿಲುಬು, ಹೆಡ್‌ಲೈಟಿನ ಟರ್ಮಿನಲ್ ರಿವೆಟ್ ಉಗುರಿನಲ್ಲಿ ಅಲ್ಲಾಡಿಸಿದರೆ ತಿರುಗುತ್ತಿತ್ತು, ಸುತ್ತಲಿನ ಬೇಕಲೈಟ್ ಕಪ್ಪಗೆ. ನಿಜವಾದ ಕಳ್ಳ ಆ ಸಡಿಲ ರಿವೆಟ್. ಡೀಸೆಲ್ ಎಂಜಿನ್ನಿನ ನಡುಕಕ್ಕೆ ರಿವೆಟ್ ಸಡಿಲವಾಗುತ್ತದೆ, ಸಡಿಲಾದರೆ ಕಾಯುತ್ತದೆ, ಕಾದಷ್ಟೂ ಸಡಿಲ.

ತಾಮ್ರವನ್ನು 600 ನಂಬರಿನ, ಆಮೇಲೆ 1000 ನಂಬರಿನ ಎಮರಿ ಪೇಪರಿನಲ್ಲಿ ಉಜ್ಜಿ ಸ್ಪಿರಿಟ್ಟಿನಲ್ಲಿ ಒರೆಸಿದೆ. ಹುಣಸೆಹುಳಿಯಲ್ಲಿ ತಿಕ್ಕುವವರಿದ್ದಾರೆ, ಫಳಫಳ ಹೊಳೆಯುತ್ತದೆ ನಿಜ, ಆದರೆ ಸಂದಿಗಿಳಿದ ಹುಳಿ ಒಂದೇ ಮಳೆಗಾಲದಲ್ಲಿ ಮತ್ತೆ ಕಿಲುಬು ತರುತ್ತದೆ. ಕಪ್ಪಾದ ಬೇಕಲೈಟನ್ನು ಕಂದು ಬಣ್ಣ ಕಾಣುವವರೆಗೆ ಕೆರೆಯಬೇಕು, ಆ ಮಸಿಯಲ್ಲೂ ಕರೆಂಟ್ ಸೋರುತ್ತದೆ. ಬಿರುಕು ಬಿಟ್ಟಿದ್ದರೆ ಬೇರೆ ಸ್ವಿಚ್ಚೇ ಗತಿ. ರಿವೆಟ್ಟನ್ನು ಕೆಳಗೆ ಆಸರೆ ಕೊಟ್ಟು ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಬಿಗಿ ಮಾಡಿ, ಟರ್ಮಿನಲ್ಲಿಗೆ 60 ವಾಟ್ ಐರನ್ನಿನಲ್ಲಿ ಬೇಗ ಸೋಲ್ಡರ್ ಹಾಕಿದೆ. ಬರಿ ಸೋಲ್ಡರ್ ನಂಬಿದರೆ ಬಿಸಿಗೆ ಅದೂ ಬಿಡುತ್ತದೆ, ಬಿಗಿ ಮೊದಲು. ಕೂರಿಸಿ ಅಳೆದರೆ 1.1 ಇದ್ದದ್ದು 0.1ಕ್ಕೆ ಇಳಿದಿತ್ತು.

ಡಿಪ್ಪರ್ ಸ್ವಿಚ್ ರಿಪೇರಿ ಮಾಡಲು ಹೋಗಲಿಲ್ಲ. ಕ್ಲಚ್ಚಿನ ಎಡಕ್ಕೆ ನೆಲದಲ್ಲಿರುವ ಅದಕ್ಕೆ ಒದ್ದೆ ಬೂಟಿನ ಕೆಸರೆಲ್ಲ ಇಳಿಯುತ್ತದೆ, ಹೊಸದೇ ಹಾಕಿದೆ. ಅರ್ತಿಗೆ ಬಣ್ಣದ ಮಡ್‌ಗಾರ್ಡನ್ನು ನೆಚ್ಚಿಕೊಳ್ಳದೆ ಎರಡೂ ಲೈಟಿನಿಂದ 2.5 ಚದರ ಮಿಲಿಮೀಟರ್ ಕಪ್ಪು ವೈರನ್ನು ಛಾಸಿಗೆ ತಂದು, ಕೆರೆದು ಹೊಳೆಸಿದ ಜಾಗದಲ್ಲಿ ಬೋಲ್ಟ್ ಮಾಡಿದೆ.

ಬಲ್ಬು 60/55 ವಾಟಿಗೆ ಇಳಿಸಿ, ಹೈಗೊಂದು ಡಿಪ್ಪಿಗೊಂದು 30 ಆಂಪಿಯರ್ ರಿಲೇ (ಚೂರು ಕರೆಂಟಿನಿಂದ ದೊಡ್ಡ ಕರೆಂಟನ್ನು ಕೂಡಿಸುವ ಸ್ವಿಚ್) ಕೊಟ್ಟೆ. 30ನೇ ಪಿನ್ನಿಗೆ ಬ್ಯಾಟರಿಯಿಂದ ನೇರ ವೈರು, ಬ್ಯಾಟರಿಯ ಹತ್ತಿರವೇ ಅದಕ್ಕೆ ಫ್ಯೂಸ್. 86ಕ್ಕೆ ಡಿಪ್ಪರಿನಿಂದ, 85 ಅರ್ತ್. 87ರಿಂದ ಹೊರಟ ವೈರನ್ನು ಎರಡಾಗಿ ಒಡೆದು ಎಡಕ್ಕೂ ಬಲಕ್ಕೂ ಬೇರೆ ಬೇರೆ 10 ಆಂಪಿಯರ್ ಫ್ಯೂಸ್. ಎರಡಕ್ಕೂ ಒಂದೇ ಫ್ಯೂಸ್ ಹಾಕಿ ಚಾರ್ಮಾಡಿ ತಿರುವಿನಲ್ಲಿ ಅದು ಹೋದರೆ ಪೂರ್ತಿ ಕತ್ತಲು. ಹಳೇ ಸ್ವಿಚ್ಚಿನ ಮೇಲೆ ಈಗ ರಿಲೇ ಕಾಯಿಲ್ಲಿನ ಚೂರು ಕರೆಂಟು, ಟೇಲ್ ಲೈಟು ಇಷ್ಟೇ ಭಾರ. ಅರ್ಧ ಗಂಟೆ ಹೈಬೀಮ್ ಉರಿಸಿ ಬೆನ್ನು ಮುಟ್ಟಿದರೆ ತಣ್ಣಗಿತ್ತು, ಬಲ್ಬಿನಲ್ಲಿ 11.9 ವೋಲ್ಟ್.

ಜೂನ್ ಹಿಡಿದರೆ ಶೆಡ್ಡಿನಲ್ಲೇ ನಿಲ್ಲುವ ಜೀಪಾದರೆ ವಾರಕ್ಕೊಮ್ಮೆ ಸ್ವಿಚ್ಚನ್ನು ಐದಾರು ಸಲ ಎಳೆದು ತಳ್ಳಿ, ಡಿಪ್ಪರ್ ತುಳಿಯಿರಿ. ಉಜ್ಜಿಕೊಳ್ಳುತ್ತಿರುವ ತಾಮ್ರದ ಮೇಲೆ ಕಿಲುಬು ಬೇಗ ಕೂರುವುದಿಲ್ಲ.