ಆ ‘ಸರಿ’ ಯಾವ ಪ್ರಶ್ನೆಗೆ?

ತಂತ್ರಾಂಶಗಳನ್ನು ಕನ್ನಡಕ್ಕೆ ತರುವ ಸ್ವಯಂಸೇವಕರ ಸಣ್ಣ ತಂಡ ನಮ್ಮದು. ಮುಖಾಮುಖಿ ಸೇರುವುದು ಅಪರೂಪ, ಕೆಲಸವೆಲ್ಲ ಚಾಟ್‌ನಲ್ಲೇ. ಒಂದು ಸಂಜೆ ಅಲ್ಲಿ ಎರಡು ಮಾತು ಒಟ್ಟಿಗೆ ನಡೆದಿದ್ದವು. ‘ಸೇವ್‌’ಗೆ ‘ಉಳಿಸು’ ಎಂದೇ ಇಡೋಣವೇ ಎಂದು ಒಬ್ಬರು ಕೇಳಿದರು. ನಾನು ‘ಸರಿ, ಹಾಗೇ ಮಾಡಿ’ ಎಂದು ಟೈಪ್ ಮಾಡಿ ಕಳುಹಿಸುವಷ್ಟರಲ್ಲಿ ನಡುವೆ ಇನ್ನೊಂದು ಸಾಲು ಬಂದು ಕೂತಿತ್ತು: ‘ಹಳೆಯ ಕಡತ ಅಳಿಸಿಬಿಡಲೇ?’ ನನ್ನ ‘ಸರಿ’ ಅದರ ಕೆಳಗೆ ಬಿತ್ತು. ಕಡತ ಹೋಯಿತು. ಮತ್ತೊಬ್ಬರ ಬಳಿ ಪ್ರತಿ ಇದ್ದುದರಿಂದ ಬಹುಪಾಲು ಸಿಕ್ಕಿತಾದರೂ, ಮೂರು ದಿನದ ತಿದ್ದುಪಡಿಗಳನ್ನು ಮತ್ತೆ ಮಾಡಬೇಕಾಯಿತು.

ಕಡತ ಅಳಿಸಿದವರದು ತಪ್ಪಿರಲಿಲ್ಲ. ಚಾಟ್‌ನಲ್ಲಿ ಸಾಲುಗಳು ಬಂದ ಹೊತ್ತಿಗೆ ತಕ್ಕಂತೆ ಜೋಡಣೆಯಾಗುತ್ತವೆಯೇ ಹೊರತು ಯಾವ ಮಾತಿಗೆ ಯಾವ ಉತ್ತರ ಎಂಬುದಕ್ಕೆ ತಕ್ಕಂತಲ್ಲ. 1973ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೊ ಎಂಬ ಗಣಕ ವ್ಯವಸ್ಥೆಯಲ್ಲಿ ಬಂದ ಚಾಟ್ ತಂತ್ರಾಂಶ ಟಾಕೊಮ್ಯಾಟಿಕ್‌ನಲ್ಲಿ ಪ್ರತಿಯೊಬ್ಬರಿಗೂ ತೆರೆಯ ಮೇಲೆ ಅವರದೇ ಜಾಗವಿತ್ತು. ಒತ್ತಿದ ಅಕ್ಷರ ಆ ಕ್ಷಣವೇ ಎಲ್ಲರಿಗೂ ಕಾಣುತ್ತಿತ್ತು. 1988ರಲ್ಲಿ ಫಿನ್ಲೆಂಡಿನ ಯಾರ್ಕೊ ಓಯ್ಕರಿನೆನ್ ಬರೆದ ಚಾಟ್ ವ್ಯವಸ್ಥೆಯಾದ ಐಆರ್‌ಸಿಯಲ್ಲಿ ಎಂಟರ್ ಒತ್ತಿದ ಮೇಲಷ್ಟೇ ಇಡೀ ಸಾಲು ಹೋಗುತ್ತದೆ. ಇಂದಿನ ಚಾಟ್‌ಗಳು ಹೆಚ್ಚಾಗಿ ಈ ಎರಡನೆಯ ಬಗೆಯವು.

ನಾವೂ ಆಗ ಐಆರ್‌ಸಿಯಲ್ಲೇ ಇದ್ದೆವು. ಅಲ್ಲಿ ಒಂದು ಸಂದೇಶಕ್ಕೆ 512 ಬೈಟ್‌ಗಳ ಮಿತಿ. ಅಕ್ಷರಗಳನ್ನು ಗಣಕದಲ್ಲಿ ಇಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಒತ್ತು, ಗುಣಿತಗಳಿಗೂ ಬೇರೆ ಬೇರೆ ಸಂಕೇತಗಳು. ‘ಸ್ತ್ರೀ’ ಎಂಬ ಒಂದೇ ಅಕ್ಷರ 18 ಬೈಟ್ ತಿನ್ನುತ್ತದೆ. ಉದ್ದನೆಯ ವಾಕ್ಯದ ಬಾಲ ಎಷ್ಟೋ ಸಲ ಸದ್ದಿಲ್ಲದೆ ಕತ್ತರಿಸಿ ಹೋಗುತ್ತಿತ್ತು. ಕನ್ನಡದಲ್ಲಿ ‘ಬೇಡ’, ‘ಇಲ್ಲ’, ‘ಕೂಡದು’ ಎಲ್ಲ ಇರುವುದು ಆ ಬಾಲದಲ್ಲೇ ಅಲ್ಲವೇ? ಹೀಗಾಗಿ ನಿರ್ಧಾರವನ್ನು ಮೊದಲು ಹೇಳಿ ಕಾರಣವನ್ನು ಆಮೇಲೆ ಬರೆಯುವುದನ್ನು ರೂಢಿ ಮಾಡಿಕೊಂಡೆವು. ಆ ಮಿತಿ ಈಗ ನಮಗಿಲ್ಲ, ರೂಢಿಯನ್ನು ಬಿಟ್ಟಿಲ್ಲ.

ಕಡತ ಹೋದ ಮೇಲೆ ಬರಿಯ ‘ಸರಿ’, ‘ಹೌದು’ಗಳನ್ನು ನಿಲ್ಲಿಸಿದೆವು. ‘ಸೇವ್‌ಗೆ ಉಳಿಸು, ಸರಿ’ ಎಂದು ಪ್ರಶ್ನೆಯನ್ನೂ ಸೇರಿಸಿ ಬರೆಯತೊಡಗಿದೆವು. ಆಮೇಲೆ ಝೂಲಿಪ್ ಎಂಬ ಇನ್ನೊಂದು ಚಾಟ್‌ಗೆ ಹೋದೆವು. ಅಲ್ಲಿ ಮಾತುಕತೆಗಳು ವಿಷಯದ ಹೆಸರಿನಡಿ ಬೇರೆ ಬೇರೆಯಾಗಿ ಉಳಿಯುತ್ತವೆ. ಮೊದಲ ತಿಂಗಳು ಎಲ್ಲರೂ ಎಲ್ಲವನ್ನೂ ‘ಅನುವಾದ’ ಎಂಬ ಒಂದೇ ಹೆಸರಿನಡಿ ಸುರಿದರು. ಯಾರನ್ನೂ ಗದರಿಸಲಿಲ್ಲ. ದಿನವೂ ರಾತ್ರಿ ಕೂತು ಒಂದೊಂದು ಸಂದೇಶವನ್ನೂ ಸರಿಯಾದ ಜಾಗಕ್ಕೆ ಸರಿಸಿದೆ. ‘ಸೆಟ್ಟಿಂಗ್ಸ್‌ಗೆ ಯಾವ ಪದ?’, ‘ಮುದ್ರಣದಲ್ಲಿ ಒತ್ತಕ್ಷರ ಒಡೆಯುತ್ತಿದೆ’ ಎಂಬಂಥ ಹೆಸರುಗಳನ್ನು ನೋಡುತ್ತ ನೋಡುತ್ತ ಉಳಿದವರಿಗೂ ಕೈ ಕುದುರಿತು. ಹೆಸರು ಓದಿದರೆ ಒಳಗೇನಿದೆ ಎಂದು ತಿಳಿಯಬೇಕು, ಅಷ್ಟೇ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಒಂದೇ ಒಂದು ಸಾಲು. ಡೆಬಿಯನ್ ಎಂಬ ಮುಕ್ತ ತಂತ್ರಾಂಶ ಸಮುದಾಯದ ಐಆರ್‌ಸಿ ಸಭೆಗಳಲ್ಲಿ ಮೀಟ್‌ಬಾಟ್ ಎಂಬ ತಂತ್ರಾಂಶ, ಒಪ್ಪಿಗೆಯಾಯಿತು ಎಂದು ಗುರುತು ಹಾಕಿದ ಸಾಲುಗಳನ್ನು ಆರಿಸಿ ಸಭೆಯ ವರದಿಗೆ ಸೇರಿಸುತ್ತದೆ. ಅದನ್ನು ಕಂಡು, ಚರ್ಚೆ ಶುರು ಮಾಡಿದವರೇ ಕೊನೆಯಲ್ಲಿ ‘ತೀರ್ಮಾನ:’ ಎಂದು ಬರೆದು, ಏನು, ಯಾರು, ಯಾವಾಗ ಎಂಬುದನ್ನು ಹೇಳಬೇಕೆಂದು ಮಾಡಿದೆವು. ‘ತೀರ್ಮಾನ: ಹಳೆಯ ಕಡತ ಉಳಿಯಲಿ. ಪ್ರತಿ ತೆಗೆದಿಡುವ ಹೊಣೆ ನನ್ನದು, ಶುಕ್ರವಾರದೊಳಗೆ.’ ಆ ಪದವನ್ನು ಹುಡುಕಿದರೆ ಸಾಕು, ತಿಂಗಳ ಕೆಲಸವೆಲ್ಲ ಕಣ್ಣೆದುರು ಬರುತ್ತದೆ. ರಾತ್ರಿ ಪಾಳಿಯ ಕೆಲಸ ಮುಗಿಸಿ ಬೆಳಿಗ್ಗೆ ಬರುವ ಗೆಳತಿ ಈಗ ಇನ್ನೂರು ಸಂದೇಶ ಓದಬೇಕಾಗಿಲ್ಲ.

ಮೌನದ ವಿಷಯ ಬಗೆಹರಿಯಲು ಇನ್ನಷ್ಟು ದಿನ ಹಿಡಿಯಿತು. ಯಾರೂ ಏನೂ ಹೇಳದಿದ್ದರೆ ಒಪ್ಪಿದರೆಂದೇ? ಹೆಬ್ಬೆರಳಿನ ಚಿಹ್ನೆ ಹಾಕಿದರೆ ಒಪ್ಪಿಗೆಯೇ, ಬರೀ ನೋಡಿದೆ ಎಂದೇ? ಕೆಲವರು ಹಾಗೆ, ಕೆಲವರು ಹೀಗೆ ತಿಳಿದಿದ್ದರು. ಈಗ ಹೆಬ್ಬೆರಳೆಂದರೆ ‘ನೋಡಿದೆ’ ಎಂದಷ್ಟೇ. ಒಪ್ಪಿಗೆಯನ್ನು ಪದಗಳಲ್ಲೇ ಬರೆಯಬೇಕು. ಅಳಿಸುವ ಕೆಲಸಕ್ಕಂತೂ ಇಬ್ಬರ ಒಪ್ಪಿಗೆ ಬರುವವರೆಗೆ ಯಾರೂ ಕೈ ಹಾಕುವಂತಿಲ್ಲ.